ಹದಿಮೂರನೆಯ ಹಲ್ಲು

ಹಲ್ಲು ಕಿತ್ತ ಭಾನುವಾರ ಮಗುವಿನ ತಲೆ ಹಿಡಿದುಕೊಂಡಿದ್ದವಳು ಸೊಸೆಯೇ. ಕೈ ಹಿಡಿದವನು ಗಂಡ, ಮೊಣಕಾಲು ಒತ್ತಿದವರು ಅತ್ತೆ, ಇಕ್ಕಳ ಹಾಕಿದವರು ಮಾವ. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ. ಆಮೇಲೆ ಗಂಡ ಓಡಿಹೋಗಿ ಐಸ್‌ಕ್ರೀಮು ತಂದ. ಅದು ಬಟ್ಟಲಿನಲ್ಲೇ ಕರಗಿ ನೀರಾಯಿತು.

ಮಾವನನ್ನು ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಗೋಡೆ ಕಟ್ಟುವ ಮೇಸ್ತ್ರಿಯಲ್ಲ, ಹಲ್ಲು ಕಟ್ಟುವ ಮೇಸ್ತ್ರಿ. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ ಸೆಟ್ಟು ಮಾಡುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿಯ ಸುಣ್ಣದ ಪುಡಿ ಊಟದ ಮೇಜಿನವರೆಗೂ ಬರುತ್ತಿತ್ತು. ಅತ್ತೆಯ ಬಾಯಲ್ಲಿದ್ದ ಸೆಟ್ಟೇ ಅಂಗಡಿಯ ಬೋರ್ಡು. ಗಿರಾಕಿ ಅನುಮಾನಪಟ್ಟರೆ ಅತ್ತೆ ಒಲೆ ಆರಿಸಿ ಬಂದು, ಅವರೆದುರೇ ಬಾದಾಮಿ ಕಡಿದು ತೋರಿಸಬೇಕು. "ಈ ಮನೆಯಲ್ಲಿ ಸಂಬಳ ಇಲ್ಲದೆ ದುಡಿಯೋದು ನನ್ನ ಹಲ್ಲು ಮಾತ್ರ" ಎಂದು ಅವರು ಹೇಳುತ್ತಿದ್ದರು.

ಮಗುವಿಗೆ, ಸೊಸೆಯ ಮಗಳಿಗೆ, ಏಳು ವರ್ಷ. ಒಂದು ಕಡೆ ಕೂತವಳಲ್ಲ, ಆದ್ದರಿಂದ ಬುಗುರಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವಳ ಕೆಳದವಡೆಯ ಎಡಗಡೆ, ಕೊನೆಯ ಹಲ್ಲು ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು. ಮೂರು ದಿನ ನೋವಿನಿಂದ ಅತ್ತಳು. ಸೊಸೆ ಡಾಕ್ಟರ ಹತ್ತಿರ ಹೋಗೋಣ ಎಂದಾಗ ಮೇಸ್ತ್ರಿ ನಕ್ಕರು.

"ಬೀಳೋ ಹಲ್ಲಿಗೆ ಡಾಕ್ಟರಾ? ಉದುರೋ ಎಲೆಗೆ ಯಾರಾದ್ರೂ ಔಷಧಿ ಹೊಡೀತಾರಾ?"

ಬೀದಿಯ ಮಕ್ಕಳ ಅಲ್ಲಾಡುವ ಹಲ್ಲುಗಳನ್ನು ದಾರ ಕಟ್ಟಿ ಕಿತ್ತು ಅವರಿಗೆ ಅಭ್ಯಾಸವಿತ್ತು. ಇದು ಅಲ್ಲಾಡುತ್ತಿರಲಿಲ್ಲ, ಅಷ್ಟೇ. ವಸಡಿಗೆ ಮರಗಟ್ಟಿಸುವ ಮುಲಾಮು ಹಚ್ಚಿ ಎಳೆದರು. ಹಲ್ಲು ಕೈಗೆ ಬಂದ ಮೇಲೆ ತೊಳೆದು, ದೀಪದ ಕೆಳಗೆ ಹಿಡಿದು ತೋರಿಸಿದರು.

"ನೋಡಿ, ಬೇರು ಅರ್ಧಕ್ಕರ್ಧ ಕರಗಿದೆ. ಹಾಲುಹಲ್ಲಿನ ಲಕ್ಷಣವೇ ಇದು. ಕೆಳಗಡೆ ಹೊಸದು ತಯಾರಾಗಿ ನಿಂತಿರುತ್ತೆ. ಎರಡು ತಿಂಗಳು, ಬಂದೇ ಬಿಡುತ್ತೆ."

ಬೇರು ಮೋಟಾಗಿಯೇ ಇತ್ತು, ಎಲ್ಲರೂ ಕಂಡರು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಬುಗುರಿಯೂ ಕಂಡಳು. ಮೇಸ್ತ್ರಿ ಹಲ್ಲನ್ನು ಗುಂಡಿ ಇಡುವ ಸಣ್ಣ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟರು.

ಮೂರು ವಾರದ ಮೇಲೆ ಬಲಗಡೆಯದು ಶುರುವಾಯಿತು. ತಣ್ಣೀರು ಕುಡಿದರೆ ಬುಗುರಿ ಕೆನ್ನೆ ಹಿಡಿದುಕೊಂಡು ಕುಳಿತುಬಿಡುತ್ತಿದ್ದಳು. ಶಾಲೆಯ ತಪಾಸಣೆಯಲ್ಲಿ ಬಾಯಿ ತೆರೆಯಲಿಲ್ಲವೆಂದು ಚೀಟಿ ಬಂತು: ಮಕ್ಕಳ ಹಲ್ಲಿನ ವಿಭಾಗಕ್ಕೆ ಕರೆದೊಯ್ಯಿರಿ, ಮಂಗಳವಾರ ಬೆಳಿಗ್ಗೆ.

"ಮಕ್ಕಳ ಹಲ್ಲಿಗೇ ಬೇರೆ ಡಾಕ್ಟರು," ಎಂದರು ಮೇಸ್ತ್ರಿ. "ಇನ್ನು ಎಡಗೈ ಉಗುರಿಗೆ ಒಬ್ಬರು, ಬಲಗೈ ಉಗುರಿಗೆ ಒಬ್ಬರು ಬರ್ತಾರೆ. ಹೋಗಿ ಬಾ. ಈ ಡಬ್ಬೀನೂ ತಗೊಂಡು ಹೋಗು. ನನ್ನ ಕೈಕೆಲಸ ಎಷ್ಟು ಚೊಕ್ಕ ಅಂತ ಅವರೂ ನೋಡ್ಲಿ. ಬೇರು ತುಂಡಾಗಿಲ್ಲ, ಏನಿಲ್ಲ."

ಸೊಸೆ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಚುವವಳು. ಅದು ಇಬ್ಬರ ಕೆಲಸ. ಒಬ್ಬಳು ಬರದಿದ್ದರೆ ಎದುರಿನವಳ ಕೈಯೂ ಖಾಲಿ. ಆ ಮಂಗಳವಾರ ಜೋಡಿಯವಳ ಕೈಕಾಲು ಹಿಡಿದು ಅರ್ಧ ದಿನ ಬಿಡಿಸಿಕೊಂಡಳು.

ಮಕ್ಕಳ ವಿಭಾಗದ ಡಾಕ್ಟರು ಐವತ್ತು ದಾಟಿದ ಕುಳ್ಳ ಹೆಂಗಸು. ಬಿಳಿ ಕೋಟು ಹಾಕಿರಲಿಲ್ಲ. ಗಾಲಿ ಇರುವ ತಗ್ಗಾದ ಸ್ಟೂಲಿನ ಮೇಲೆ ಕೂತು, ಮಗುವಿನ ಕಣ್ಣಿಗಿಂತ ತನ್ನ ಕಣ್ಣು ಕೆಳಗಿರುವಂತೆ ಸ್ಟೂಲು ಇಳಿಸಿಕೊಂಡರು. ಬುಗುರಿ ಎರಡೂ ಅಂಗೈಯನ್ನು ಬಾಯಿಯ ಮೇಲೆ ಒತ್ತಿಕೊಂಡು ನಿಂತಿದ್ದಳು.

"ಇವತ್ತು ಬಾಯಿ ಬೇಡ. ಸುಮ್ನೆ ಮಾತಾಡೋಣ," ಎಂದರು ಡಾಕ್ಟರು.

ಸೊಸೆ ಡಬ್ಬಿ ಕೊಟ್ಟಳು. ಡಾಕ್ಟರು ಹಲ್ಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಬುಗುರಿಯನ್ನು ಪಕ್ಕದ ಕೋಣೆಯ ಆಟಿಕೆಗಳ ಹತ್ತಿರ ಕಳಿಸಿ ಬಾಗಿಲು ಮುಂದೆ ಮಾಡಿದರು.

"ಇದನ್ನ ಕಿತ್ತಿದ್ದು ಯಾರು?"

"ನಮ್ಮ ಮಾವ. ಹಲ್ಲಿನ ಕೆಲಸದವರೇ. ಸೆಟ್ಟು ಕಟ್ತಾರೆ."

"ಮಗುನ ಹಿಡ್ಕೊಂಡಿದ್ದು?"

"ಮನೆಯವರೆಲ್ಲ," ಎಂದಳು ಸೊಸೆ.

"ಇದು ಹಾಲುಹಲ್ಲಲ್ಲಮ್ಮ."

ಡಾಕ್ಟರು ಗೋಡೆಯ ಚಿತ್ರ ತೋರಿಸಿ ನಿಧಾನವಾಗಿ ಹೇಳಿದರು. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆಹಲ್ಲು ಬರುತ್ತದೆ. ಹಳೆಯದು ಬಿದ್ದಿಲ್ಲವಲ್ಲ, ಇದೂ ಹಾಲಿನದೇ ಎಂದು ಮನೆಯವರು ತಿಳಿಯುತ್ತಾರೆ. ಸಾಯುವ ತನಕ ಇರಬೇಕಾದ ಹಲ್ಲು ಅದು. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಸೀಮೆಸುಣ್ಣದಂತೆ ಮೆದುವಾಗಿದ್ದು ಬೇಗ ಪುಡಿಯಾಗುತ್ತದೆ. ಅದು ಯಾರ ತಪ್ಪೂ ಅಲ್ಲ.

"ಮತ್ತೆ ಬೇರು? ಕರಗಿತ್ತಲ್ಲ?"

"ಕರಗಿರಲಿಲ್ಲ. ಇನ್ನೂ ಬೆಳೀತಿತ್ತು. ಏಳು ವರ್ಷಕ್ಕೆ ಈ ಹಲ್ಲಿನ ಬೇರು ಅರ್ಧ ಚಿಲ್ರೆ. ತುದಿ ನೋಡಿ, ಕೊಳವೆ ಥರ ಬಾಯಿ ಬಿಟ್ಕೊಂಡಿದೆ. ಕಟ್ಟೋಕೆ ಹಿಡಿದ ಮನೆಯನ್ನ ಕೆಡವಿದ ಮನೆ ಅಂದ್ಕೊಂಡ್ರು ನಿಮ್ಮ ಮಾವ. ಹಲ್ಲಿಲ್ಲದ ಬಾಯಿಗಳನ್ನೇ ನೋಡಿದವರು, ಪಾಪ."

ಸೊಸೆ ಡಬ್ಬಿಯ ಮುಚ್ಚಳ ಹಾಕಲು ಹೋದಳು. ಅದು ಸರಿಯಾಗಿ ಕೂರಲಿಲ್ಲ.

"ಅದು ಹೋಯ್ತು. ಬಲಗಡೆದೂ ಅದೇ ಜಾತಿ ಹಲ್ಲು, ಅದೇ ಸ್ಥಿತಿ ಇರಬೇಕು. ನರ ಜೀವಂತ ಇರುವಾಗಲೇ ಕೆಲಸ ಮಾಡಿದ್ರೆ ಬೇರು ಪೂರ್ತಿ ಬೆಳೆಯುತ್ತೆ, ಹಲ್ಲು ಉಳಿಯುತ್ತೆ. ನರ ಸತ್ತರೆ ಅದೂ ಕೈಬಿಟ್ಟ ಹಾಗೆ. ಪ್ರಜ್ಞೆ ತಪ್ಪಿಸಿ ಮಾಡೋದಕ್ಕೆ ನಾಲ್ಕು ತಿಂಗಳ ಸರದಿ ಇದೆ. ಅಷ್ಟು ದಿನ ಅದು ತಡೆಯಲ್ಲ. ಅವಳೇ ಬಾಯಿ ತೆಗೀಬೇಕು. ಹಿಡ್ಕೊಂಡು ಮಾಡೋದಿಲ್ಲ ನಾನು."

"ತೆಗೀತಾಳಾ?"

"ಹೇಳೋಕಾಗಲ್ಲ. ಪ್ರತಿ ಮಂಗಳವಾರ ಬನ್ನಿ." ಡಾಕ್ಟರು ಎದ್ದು ನಿಂತು, ತಡೆದು ಹೇಳಿದರು: "ಇನ್ನೊಂದು. ಆ ಹಲ್ಲು ಬರಲ್ಲ ಅಂತ ಅವಳಿಗೆ ಮನೆಯಲ್ಲಿ ಹೇಳಿಬಿಡಿ. ಅವಳಾಗೇ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ನನ್ನ ಕಸುಬಲ್ಲಿ ಮಗು ಹತ್ರ ಒಂದು ಸುಳ್ಳು ಹೇಳಿದ್ರೆ ಆ ಬಾಯಿ ಮತ್ತೆ ನನಗೆ ತೆರೆಯಲ್ಲ."

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಬುಗುರಿ ಬೇಗ ತಿಂದು ಎದ್ದ ಮೇಲೆ ಸೊಸೆ ಡಬ್ಬಿಯನ್ನು ಮೇಸ್ತ್ರಿಯ ತಟ್ಟೆಯ ಪಕ್ಕ ಇಟ್ಟು, ಕೇಳಿದ್ದನ್ನೆಲ್ಲ ಹೇಳಿದಳು.

ಮೇಸ್ತ್ರಿ ಅಗಿಯುವುದನ್ನು ನಿಲ್ಲಿಸಲಿಲ್ಲ. "ನಲವತ್ತೆರಡು ವರ್ಷ. ಎಷ್ಟು ಸಾವಿರ ದವಡೆ ಈ ಕೈ ಮೇಲೆ ಹೋಗಿದೆ ಅಂತ ಆಯಮ್ಮನಿಗೆ ಗೊತ್ತಾ?"

"ಅಷ್ಟರಲ್ಲಿ ಮಕ್ಕಳದು ಎಷ್ಟು, ಮಾವ?"

"ಮಕ್ಕಳಿಗೆ ಯಾರಾದ್ರೂ ಸೆಟ್ಟು ಕಟ್ಟಿಸ್ತಾರಾ?"

"ಅದನ್ನೇ ನಾನು ಕೇಳ್ತಿರೋದು."

ಅತ್ತೆ ಮೊಟ್ಟೆ ಸುಲಿಯುತ್ತ, "ಹೋಗ್ಲಿ ಬಿಡಿ, ಒಂದು ಹಲ್ಲು ತಾನೆ. ನನಗೆ ಮೂವತ್ತೆರಡೂ ಹೋಗಿವೆ, ನಾನು ಬದುಕಿಲ್ವಾ?" ಎಂದರು.

"ನಿಮಗೆ ಏಳು ವರ್ಷಕ್ಕೆ ಹೋಯ್ತಾ ಅತ್ತೆ?"

"ಮಾತಿಗೆ ಮಾತು ಬೇಡ," ಎಂದ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಕೂಗು ಕೇಳಿ ಬರುವವನಿಗೆ ಮನೆಯಲ್ಲಿ ಸದ್ದು ಸಹಿಸಲಾಗುತ್ತಿರಲಿಲ್ಲ. "ಅಪ್ಪ ಬೇಕಂತ ಮಾಡಿದ್ರಾ? ಆಗಿದ್ದಾಯ್ತು. ಇನ್ನೊಂದು ಹಲ್ಲು ನೋಡ್ಕೊಳೋಣ. ಅವಳಿಗೆ ಮಾತ್ರ ಈಗ ಹೇಳ್ಬೇಡಿ. ತಾತನ ಹತ್ರ ಹೋಗೋದೇ ಬಿಡ್ತಾಳೆ."

"ಡಾಕ್ಟರು ಹೇಳಿ ಅಂದಿದ್ದಾರೆ."

"ಡಾಕ್ಟರು ಈ ಮನೆಯಲ್ಲಿ ಊಟ ಮಾಡ್ತಾರಾ? ನಾವು ತಾನೆ ದಿನಾ ಒಟ್ಟಿಗೆ ಕೂತು ತಿನ್ನಬೇಕು."

ಎಲ್ಲರೂ ಸೊಸೆಯ ಕಡೆ ನೋಡಿದರು. ಅವಳು ಎದ್ದು ತಟ್ಟೆ ಎತ್ತಿದಳು. ತಲೆ ಹಿಡಿದವಳು ತಾನೇ ಎಂಬ ಮಾತನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಎತ್ತದಿರಲಿ ಎಂದು ಅವಳಿಗೂ ಇತ್ತು. ಹಾಗಾಗಿ ಅವಳ ಮೌನವೇ ಒಪ್ಪಿಗೆಯಾಯಿತು.

ಮರುದಿನ ಹಲ್ಲುಜ್ಜಿಸುವಾಗ ಬುಗುರಿ ಎಡಗಡೆಯ ಖಾಲಿ ಜಾಗಕ್ಕೆ ಬೆರಳಿಟ್ಟು, "ಬಂತಾ ಅಮ್ಮ? ಏನೋ ಗಟ್ಟಿ ಸಿಗ್ತಿದೆ," ಎಂದಳು.

"ಬರುತ್ತೆ," ಎಂದಳು ಸೊಸೆ. "ಬಾಯಿ ಮುಕ್ಕಳಿಸು."

ಎರಡನೇ ಮಂಗಳವಾರ ಡಾಕ್ಟರು ಕರಡಿಗೊಂಬೆಯ ಹಲ್ಲು ಎಣಿಸಿದರು. ಅವರ ಎಣಿಕೆಗೆ ಒಂದು ಕ್ರಮವಿತ್ತು. ಮೇಲಿನ ಸಾಲಿನ ಬಲಮೂಲೆಯಿಂದ ಶುರುಮಾಡಿ ಎಡಮೂಲೆಗೆ ಹನ್ನೆರಡು, ಅಲ್ಲಿಂದ ಕೆಳಗಿಳಿದು ಎಡದಿಂದ ಬಲಕ್ಕೆ ಇನ್ನೂ ಹನ್ನೆರಡು. ಶಾಲೆಯ ಹಾಜರಿಯಂತೆ ಕೂಗಬೇಕು. "ಒಂದು, ಹಾಜರ್. ಎರಡು, ಹಾಜರ್." ಹಾಲುಹಲ್ಲು ಬಿದ್ದು ಹೊಸದು ಬರಬೇಕಾದ ಕಡೆ, "ಇವನು ರಜ." ಬುಗುರಿ ಅಂಗೈ ಬಾಯಿಯ ಮೇಲಿಟ್ಟುಕೊಂಡೇ ನಕ್ಕಳು.

ಮೂರನೇ ವಾರ ಪುಟ್ಟ ಕನ್ನಡಿ ಅವಳ ಕೈಗೇ ಕೊಟ್ಟರು. ನಾಲ್ಕು ಹಲ್ಲಿನ ಹಾಜರಿ ಆಯಿತು.

"ನಾಲ್ಕು ಹಲ್ಲು ಎಣಿಸೋಕೆ ಒಂದು ವಾರ," ಎಂದರು ಮೇಸ್ತ್ರಿ. "ಇದೇ ಲೆಕ್ಕದಲ್ಲಿ ಹೋದ್ರೆ ಇವಳ ಮದುವೆ ಹೊತ್ತಿಗೆ ಬುದ್ಧಿಹಲ್ಲು ತಲುಪ್ತಾರೆ. ಎಣಿಸೋದು ಕಲಿಸೋಕೆ ಶಾಲೆ ಇಲ್ವಾ?"

"ನಾಲ್ಕು ನಿಮಿಷದಲ್ಲಿ ಮುಗಿಸಿದ್ದನ್ನೂ ನೋಡಿದ್ದೀವಲ್ಲ ಮಾವ."

ಅಂದು ರಾತ್ರಿಯೂಟಕ್ಕೆ ಮೇಸ್ತ್ರಿ ಮುಂದಿನ ಕೋಣೆಯಿಂದ ಎದ್ದು ಬರಲಿಲ್ಲ. ಅತ್ತೆ ತಟ್ಟೆಯನ್ನು ಅಲ್ಲಿಗೇ ಒಯ್ದರು, ವಾಪಸು ಬಂದು ಪಾತ್ರೆಗಳನ್ನು ಸದ್ದು ಮಾಡುತ್ತ ಜೋಡಿಸಿದರು.

"ಅವರಿಗೆ ಕೆಲಸ ಬರೋದೇ ಕಮ್ಮಿ ಆಗಿದೆ, ಗೊತ್ತಾ ನಿನಗೆ? ಸೆಟ್ಟೆಲ್ಲ ಈಗ ಮಷೀನೇ ಮಾಡುತ್ತಂತೆ. ಇರೋ ಒಂದು ಹೆಸರಿಗೂ ನೀನು ಮಸಿ ಬಳಿ."

"ಹೆಸರು ಅವರದು ಉಳೀಲಿ ಅತ್ತೆ. ಹಲ್ಲು ಇವಳದು ಉಳಿಯೋದು ಬೇಡ್ವಾ?"

"ತಲೆ ಹಿಡ್ಕೊಂಡೋಳು ನೀನೇ ತಾನೆ? ಇಕ್ಕಳಕ್ಕೆ ಕಣ್ಣಿಲ್ಲ, ತಾಯಿಗೆ ಇತ್ತಲ್ಲ?"

ಕೊನೆಗೂ ಆ ಮಾತು ಬಂದಿತ್ತು. ಸೊಸೆ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

ನಾಲ್ಕನೇ ವಾರಕ್ಕೆ ಬುಗುರಿ ಬಲಗಡೆ ಅಗಿಯುವುದನ್ನೇ ಬಿಟ್ಟಿದ್ದಳು. ಎಡಗಡೆ ಕೊನೆಯ ಹಲ್ಲಿರಲಿಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಮುಂದಿನ ಹಲ್ಲಿನಲ್ಲಿ ಮೊಲದಂತೆ ತಿನ್ನುತ್ತಿದ್ದಳು. ಫ್ರಾಕಿನ ಹೆಗಲು ಸಡಿಲವಾಗಿತ್ತು. ಅವಳ ತಟ್ಟೆಯ ಆಲೂಗಡ್ಡೆಯನ್ನು ಮೇಸ್ತ್ರಿ ಚಮಚದ ಹಿಂಬದಿಯಲ್ಲಿ ಅರೆದು ಕೊಡುತ್ತಿದ್ದರು.

ಆ ಮಂಗಳವಾರ ಹಾಜರಿ ಹನ್ನೆರಡಕ್ಕೆ ಮುಟ್ಟಿತು. ಮೇಲಿನ ಮುಂಭಾಗದ ಖಾಲಿ ಜಾಗಕ್ಕೆ "ಇವನು ರಜ" ಎಂದು ಬುಗುರಿಯೇ ಕನ್ನಡಿಯ ಹಿಂದಿನಿಂದ ಗೊಗ್ಗರು ದನಿಯಲ್ಲಿ ಕೂಗಿದಳು. ಹನ್ನೆರಡಾದ ಮೇಲೆ ಕೆಳಗಿಳಿಯಬೇಕು. ಮೊದಲು ಸಿಗುವುದೇ ಎಡಗಡೆಯ ಆ ಜಾಗ. ಕನ್ನಡಿ ಅತ್ತ ತಿರುಗಿದ ಕೂಡಲೇ ಬಾಯಿ ಮುಚ್ಚಿತು. ತುಟಿ ಬಿಳಿಚಿಕೊಂಡಿತು.

"ನೋಯ್ತಿರೋ ಬಲಗಡೆಯವನು ಕೊನೆಗೆ, ಇಪ್ಪತ್ನಾಲ್ಕು. ಅವನ ಹತ್ರ ನಾನು ಹೋಗ್ಬೇಕು," ಎಂದರು ಡಾಕ್ಟರು ಸೊಸೆಗೆ, ಬಾಗಿಲ ಬಳಿ. "ಹದಿಮೂರನ್ನ ದಾಟದೆ ಅವಳು ಬಿಡಲ್ಲ. ಮನೆಯಲ್ಲಿ ಹೇಳಿದ್ರಾ?"

"ಹೇಳ್ತೀವಿ."

"ಇನ್ನೂ ಹೇಳಿಲ್ಲ."

"ಮನೆಯಲ್ಲಿ ಹಿರಿಯರಿದ್ದಾರೆ ಡಾಕ್ಟ್ರೇ."

"ಕಿರಿಯಳೂ ಒಬ್ಬಳಿದ್ದಾಳೆ," ಎಂದು ಡಾಕ್ಟರು ಮುಂದಿನ ಮಗುವನ್ನು ಕರೆದರು.

ಲಾಂಡ್ರಿಯಲ್ಲಿ ಸೂಪರ್‌ವೈಸರು, ಇನ್ನೊಂದು ಮಂಗಳವಾರ ತಪ್ಪಿದರೆ ಜೋಡಿಗೆ ಬೇರೆಯವಳನ್ನು ಹಾಕುತ್ತೇನೆ ಎಂದ. ಸೊಸೆ ಗಂಡನಿಗೆ, ಈ ಸಲ ನೀನು ಹೋಗು ಎಂದಳು. ಅವನು ಫೋನು ತೋರಿಸಿದ. ಆಸ್ಪತ್ರೆಯೊಂದರ ಲಿಫ್ಟು ನಿಂತಿತ್ತು. "ನಾನು ಹೋಗಿ ಬರ್ಲಾ?" ಎಂಬ ದನಿ ಮುಂದಿನ ಕೋಣೆಯಿಂದ ಬಂತು. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಆ ಗುಂಡಿ ಡಬ್ಬಿ. ಹಿಂದಿನ ದಿನ ಅವರು ಅದನ್ನು ಹಿಡಿದುಕೊಂಡು, ತಮಗೆ ಕೆಲಸ ಕೊಡುತ್ತಿದ್ದ ಹಳೆಯ ದಂತವೈದ್ಯರೊಬ್ಬರ ಮನೆಗೆ ಹೋಗಿಬಂದದ್ದು ಅತ್ತೆಗೆ ಮಾತ್ರ ಗೊತ್ತಿತ್ತು. ಅಲ್ಲಿ ಏನೆಂದರು ಎಂದು ಅತ್ತೆಯೂ ಕೇಳಿರಲಿಲ್ಲ.

"ನೀವು ಬೇಡ," ಎಂದಳು ಸೊಸೆ.

ಅವರು ಹಿಂದಿರುಗಿ ಹೋಗಿ ಕೂತರು.

ಐದನೇ ಮಂಗಳವಾರ ಬುಗುರಿ ತಾನಾಗಿಯೇ ಕುರ್ಚಿ ಹತ್ತಿದಳು. ಸೊಸೆ ಅವಳ ತಲೆಯ ಹತ್ತಿರ ನಿಂತಳು. ಒಂದರಿಂದ ಹನ್ನೆರಡು ಸಲೀಸಾಗಿ ಆಯಿತು. ಕನ್ನಡಿ ಕೆಳಗಿಳಿಯಿತು. ಬಾಯಿ ಮುಚ್ಚಲಿಲ್ಲ. ಹದಿಮೂರಕ್ಕೆ ಬಂದಾಗ ಡಾಕ್ಟರು ಏನೂ ಹೇಳದೆ ಮುಂದೆ ಸರಿದು, "ಹದಿನಾಲ್ಕು, ಹಾಜರ್" ಎಂದರು.

ಬುಗುರಿ ಕನ್ನಡಿಯನ್ನು ತಳ್ಳಿ ಎದ್ದು ಕೂತಳು.

"ಅವನಿಗೆ ರಜ ಅಂತ ಹೇಳ್ಲಿಲ್ಲ ನೀವು."

"ಹೂಂ. ಹೇಳ್ಲಿಲ್ಲ."

"ಮರೆತ್ರಾ?"

"ಮರೀಲಿಲ್ಲ. ರಜ ಅನ್ನೋದು ವಾಪಸ್ ಬರೋರಿಗೆ." ಡಾಕ್ಟರು ಸ್ಟೂಲನ್ನು ಇನ್ನೂ ಸ್ವಲ್ಪ ತಗ್ಗಿಸಿದರು. "ಆ ಹಲ್ಲು ಬರಲ್ಲ, ಕಂದ. ಹನ್ನೆರಡನೇ ವರ್ಷಕ್ಕೆ ಅದರ ಹಿಂದೆ ಬೇರೆಯವನೊಬ್ಬ ಬರ್ತಾನೆ. ಅವನು ಸ್ವಲ್ಪ ಮುಂದೆ ಜರುಗಿದ್ರೂ ಜರುಗಬಹುದು. ಆದ್ರೆ ಇವನು ಬರಲ್ಲ."

"ತಾತ ಬರುತ್ತೆ ಅಂದ್ರು. ಎರಡು ತಿಂಗಳು ಅಂದ್ರು."

"ಅವರಿಗೆ ಆವತ್ತು ಗೊತ್ತಿರಲಿಲ್ಲ. ಹಾಲುಹಲ್ಲು ಅಂದ್ಕೊಂಡಿದ್ರು."

ಬುಗುರಿ ಕೊರಳು ತಿರುಗಿಸಿ ಮೇಲೆ ನೋಡಿದಳು. "ಅಮ್ಮಂಗೆ?"

ಡಾಕ್ಟರು, ಅದು ತಮ್ಮ ಸರದಿಯಲ್ಲ ಎಂಬಂತೆ, ಕೈಗವಸಿನ ಬೆರಳುಗಳನ್ನು ಸರಿಮಾಡಿಕೊಂಡರು.

"ಗೊತ್ತಿತ್ತು," ಎಂದಳು ಸೊಸೆ.

"ಯಾವಾಗಿಂದ?"

"ಮೊದಲ ಸಲ ಇಲ್ಲಿಗೆ ಬಂದಾಗಿಂದ."

"ಕರಡಿಗೊಂಬೆ ದಿನಾನಾ?"

"ಅದಕ್ಕೂ ಮುಂಚೆ."

ಬುಗುರಿ ಬೆರಳು ಮಡಚಿ ಮಂಗಳವಾರಗಳನ್ನು ಎಣಿಸಿದಳು. ಒಂದು ಕೈ ಪೂರ್ತಿ ಮಡಚಿತು. ಅಳಲಿಲ್ಲ. ಸೊಸೆ ಅವಳ ಕೂದಲ ಕಡೆ ಕೈ ನೀಡಿದಾಗ ತಲೆಯನ್ನು ಪಕ್ಕಕ್ಕೆ ಸರಿಸಿಕೊಂಡಳು.

"ಇಪ್ಪತ್ನಾಲ್ಕನೆಯವನಿಗೆ ಏನ್ ಮಾಡ್ತೀರಿ?" ಎಂದು ಡಾಕ್ಟರನ್ನು ಕೇಳಿದಳು.

"ಮರಗಟ್ಟೋಕೆ ಸೂಜಿ ಹಾಕ್ತೀನಿ. ಆಮೇಲೆ ಕೊಳೆತಿದ್ದನ್ನ ಕೆರೆದು, ಔಷಧಿ ಇಟ್ಟು, ಮೇಲೆ ಲೋಹದ ಟೋಪಿ ಹಾಕ್ತೀನಿ."

"ಸೂಜಿ ನೋಯುತ್ತಾ?"

"ನೋಯುತ್ತೆ. ಹತ್ತು ಎಣಿಸೋ ತನಕ. ಈ ಥರದ ಹಲ್ಲು ಮರಗಟ್ಟೋಕೆ ಹಟ ಮಾಡುತ್ತೆ, ಇನ್ನೊಂದು ಸೂಜಿ ಬೇಕಾದ್ರೂ ಬೇಕಾಗಬಹುದು. ನೀನು ಕೈ ಎತ್ತಿದ್ರೆ ನಿಲ್ಲಿಸ್ತೀನಿ."

"ಯಾರೂ ಹಿಡ್ಕೋಬಾರದು."

"ಯಾರೂ ಹಿಡಿಯಲ್ಲ."

ಬುಗುರಿ ಮತ್ತೆ ಹಿಂದಕ್ಕೆ ಒರಗಿದಳು. ಛಾವಣಿ ನೋಡುತ್ತ ಹೇಳಿದಳು: "ಅಮ್ಮ ಹೊರಗಿರಲಿ."

ಸೊಸೆ ಡಾಕ್ಟರ ಮುಖ ನೋಡಿದಳು. ತಾಯಂದಿರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುವುದು ಈ ಕೋಣೆಯ ಪದ್ಧತಿ ಎಂದು ಗೋಡೆಯ ಮೇಲೇ ಬರೆದಿತ್ತು. ಡಾಕ್ಟರು ಬಾಗಿಲ ಕಡೆ ತಲೆ ಆಡಿಸಿದರು.

ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತಳು. ಒಳಗೆ ಒಮ್ಮೆ ಹತ್ತರವರೆಗೆ ಎಣಿಕೆ ಕೇಳಿತು, ತೊದಲುತ್ತ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹತ್ತರವರೆಗೆ. ಯಂತ್ರದ ಸದ್ದು ಎರಡು ಸಲ ನಿಂತು ಮತ್ತೆ ಶುರುವಾಯಿತು. ಅಳು ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ನಿಮ್ಮ ಮಗು ಒಳ್ಳೆ ಜಾಣೆ. ನಮ್ಮವನು ನನ್ನ ಸೆರಗೇ ಬಿಡಲ್ಲ," ಎಂದಳು.

ಬಾಗಿಲು ತೆರೆದಾಗ ಬುಗುರಿಯ ಕೆಳತುಟಿ ಒಂದು ಕಡೆಗೆ ಜೋತಿತ್ತು.

"ನರ ಜೀವಂತ ಇತ್ತು," ಎಂದರು ಡಾಕ್ಟರು. "ಇನ್ನೊಂದು ವಾರ ಬಿಟ್ಟಿದ್ರೆ ಹೇಳೋಕಾಗ್ತಿರಲಿಲ್ಲ. ಬೇರು ಬೆಳೀತಿದೆಯಾ ನೋಡೋಕೆ ಮೂರು ತಿಂಗಳಿಗೊಮ್ಮೆ, ಎರಡು ವರ್ಷ ಬರಬೇಕು. ಅವಳು ಬರ್ತೀನಿ ಅಂದಿದ್ದಾಳೆ."

ಬಸ್ ನಿಲ್ದಾಣದವರೆಗೆ ಬುಗುರಿ ಒಂದು ಹೆಜ್ಜೆ ಮುಂದೆಯೇ ನಡೆದಳು. ರಸ್ತೆ ದಾಟುವಾಗ ಸೊಸೆ ಕೈ ಚಾಚಿದಳು. ಬುಗುರಿ ತನ್ನ ಚೀಲದ ಪಟ್ಟಿ ಹಿಡಿದುಕೊಂಡಳು. ಮಾತನಾಡಲಿಲ್ಲ. ತುಟಿ ಮರಗಟ್ಟಿದೆ, ಅದಕ್ಕೇ ಇರಬೇಕು ಎಂದುಕೊಂಡಳು ಸೊಸೆ. ಮಧ್ಯಾಹ್ನದ ಹೊತ್ತಿಗೆ ತುಟಿ ಸರಿಹೋಗಿತ್ತು.

ಸಂಜೆ ಮೇಸ್ತ್ರಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ಎಲ್ಲಿ, ಆ ಮಾಡು. ಟೋಪಿ ಹೇಗೆ ಹಾಕಿದ್ದಾರೆ ನೋಡ್ತೀನಿ."

ಬುಗುರಿ ಎರಡೂ ಅಂಗೈಯನ್ನು ಬಾಯಿಯ ಮೇಲೆ ಒತ್ತಿಕೊಂಡಳು. ಮೇಸ್ತ್ರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ತಪ್ಪಾಯ್ತು ಮರಿ," ಎಂದರು, ಅಷ್ಟು ಮೆಲ್ಲಗೆ ಎಂದರೆ ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಲಿಲ್ಲ. ಬುಗುರಿ ಅಂಗೈ ತೆಗೆಯಲಿಲ್ಲ.

ಲಾಂಡ್ರಿಯಲ್ಲಿ ಮರುದಿನದಿಂದ ಸೊಸೆಗೆ ಜೋಡಿ ಇರಲಿಲ್ಲ. ಒಬ್ಬಳೇ ಮಡಚಬಹುದಾದ ದಿಂಬಿನ ಚೀಲಗಳಿಗೆ ಹಾಕಿದ್ದರು. ಕೆಲಸಕ್ಕೆ ಹೊರಡುವ ಮೊದಲು, ಎಂದಿನಂತೆ, ಬ್ರಷ್ಷಿಗೆ ಪೇಸ್ಟು ಹಚ್ಚಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಬುಗುರಿ ಬಂದು, ತುಟಿ ಬಿಗಿದುಕೊಂಡೇ ಕೈ ಚಾಚಿದಳು. ಸೊಸೆ ಬ್ರಷ್ ಕೊಟ್ಟಳು. ಬಾಗಿಲು ಮುಚ್ಚಿತು. ಚಿಲಕ ಎಟುಕದೆ ಒಳಗೆ ಬಕೆಟ್ಟು ಬೋರಲು ಹಾಕಿ ಹತ್ತಿದ ಸದ್ದು ಬಂತು. ಚಿಲಕ ಬಿತ್ತು.

ಉಜ್ಜುವ ಸದ್ದು, ಮುಕ್ಕಳಿಸುವ ಸದ್ದು. ಆಮೇಲೆ ಕನ್ನಡಿಯೆದುರು ಹಾಜರಿ. "ಹತ್ತು, ಹಾಜರ್. ಹನ್ನೊಂದು, ಹಾಜರ್. ಹನ್ನೆರಡು, ಹಾಜರ್."

ಸೊಸೆ ಬಾಗಿಲಿಗೆ ಕಿವಿಗೊಟ್ಟಳು.

"ಹದಿಮೂರು, ಇಲ್ಲ. ಹದಿನಾಲ್ಕು, ಹಾಜರ್."